ಹುಟ್ಟಿದ ನೆಲವೋ, ಹೆತ್ತವರ ಕಾಗದವೋ?

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಿರಿಯರಿಗೆ 'ಮುಲ್ಕಿ' ಎಂಬ ಮಾತು ಹೊಸದಲ್ಲ. ಈ ನೆಲ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದ ಮಾತು ಅದು. 'ಮುಲ್ಕ್' ಎಂದರೆ ನಾಡು, ಮುಲ್ಕಿ ಎಂದರೆ ನಾಡಿನವನು. ಹೊರಗಿನಿಂದ ಬಂದವನು ಗೈರ್‌ಮುಲ್ಕಿ. ಒಬ್ಬನನ್ನು ನಾಡಿನವನೆನ್ನಲು ಅವನು ಇಲ್ಲಿ ಹುಟ್ಟಿದರೆ ಸಾಕೆ? ಅಥವಾ ಅವನ ಅಪ್ಪ ಅವ್ವ ಯಾರೆಂದೂ ಕೇಳಬೇಕೆ? 2025ರಲ್ಲಿ ಅಮೆರಿಕದಲ್ಲಿ ಎದ್ದ ದೊಡ್ಡ ವಾದದ ತಿರುಳೂ ಇದೇ ಪ್ರಶ್ನೆ.

ಆ ವರ್ಷದ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಒಂದು ಆದೇಶ ಹೊರಡಿಸಿದರು. ತಾಯಿ ಅಕ್ರಮವಾಗಿಯೋ ತಾತ್ಕಾಲಿಕ ವೀಸಾದ ಮೇಲೋ ಅಲ್ಲಿದ್ದು, ತಂದೆಯೂ ಅಲ್ಲಿನ ಪ್ರಜೆಯಾಗಲಿ ಕಾಯಂ ನಿವಾಸಿಯಾಗಲಿ ಅಲ್ಲದಿದ್ದರೆ, ಅಲ್ಲಿ ಹುಟ್ಟಿದ ಮಗು ಪ್ರಜೆಯಲ್ಲ ಎಂಬುದು ಅದರ ಸಾರ. ಗುಲಾಮಗಿರಿ ಅಳಿದ ಮೇಲೆ, 1868ರಲ್ಲಿ, ಆ ದೇಶ ತನ್ನ ಸಂವಿಧಾನಕ್ಕೆ 14ನೆಯ ತಿದ್ದುಪಡಿ ತಂದು ತನ್ನ ನೆಲದಲ್ಲಿ ಹುಟ್ಟಿದವರು ತನ್ನ ಪ್ರಜೆಗಳೆಂದು ಸಾರಿತ್ತು. ಚೀನೀ ತಂದೆತಾಯಿಗಳಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬಾತನಿಗೂ ಅದು ಸಲ್ಲುತ್ತದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1898ರಲ್ಲಿ ತೀರ್ಪಿತ್ತಿತ್ತು. ಹೊಸ ಆದೇಶಕ್ಕೆ ಕೆಳಗಿನ ನ್ಯಾಯಾಲಯಗಳು ತಡೆ ನೀಡಿದವು. 2025ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ವಿಷಯವನ್ನು ವಿಚಾರಣೆಗೆ ಎತ್ತಿಕೊಂಡಿತು. ನೌಕರಿಯ ವೀಸಾದ ಮೇಲೆ ಅಲ್ಲಿಗೆ ಹೋದ ಕನ್ನಡ ಮನೆತನಗಳೂ ಇದನ್ನು ಆತಂಕದಿಂದ ಗಮನಿಸಿದವು.

ಪೌರತ್ವ ಕೊಡಲು ಜಗತ್ತಿನಲ್ಲಿ ಮುಖ್ಯವಾಗಿ ಎರಡು ಅಳತೆಗೋಲುಗಳಿವೆ. ಒಂದು ನೆಲ, ಇನ್ನೊಂದು ರಕ್ತ. ನೆಲದ ಲೆಕ್ಕದಲ್ಲಿ ಮಗು ಎಲ್ಲಿ ಹುಟ್ಟಿತೆಂಬುದೇ ಮುಖ್ಯ. ರಕ್ತದ ಲೆಕ್ಕದಲ್ಲಿ ಯಾರಿಗೆ ಹುಟ್ಟಿತೆಂಬುದು ಮುಖ್ಯ.

ಮುಲ್ಕಿ ನಿಯಮ ಪೌರತ್ವದ ಕಾನೂನಲ್ಲ, ಸರಕಾರಿ ನೌಕರಿಗೆ ಯಾರು ಅರ್ಹರೆಂದು ಹೇಳುವ ನಿಯಮ. ಆದರೂ ಅದರಲ್ಲೊಂದು ಸ್ವಾರಸ್ಯವಿದೆ. ಹುಟ್ಟಿನಿಂದ ಮುಲ್ಕಿಯಾಗಬಹುದೆಂದು ನಿಯಮ ಹೇಳುತ್ತಿತ್ತು, ಸರಿ. ಆದರೆ ಹುಟ್ಟಿನಿಂದ ಎಂದರೇನು? ಹುಟ್ಟುವ ವೇಳೆಗೆ ತಂದೆ ಮುಲ್ಕಿಯಾಗಿರಬೇಕು ಎಂದೇ ಅರ್ಥ. ಹೆಸರು ನೆಲದ್ದು, ಲೆಕ್ಕ ರಕ್ತದ್ದು. ಹೊರಗಿನವನಿಗೆ ಇನ್ನೊಂದು ಬಾಗಿಲೂ ಇತ್ತು. ಹದಿನೈದು ವರ್ಷ ಇಲ್ಲಿಯೇ ನೆಲೆಸಿ, ಹಳೆಯ ಊರಿಗೆ ಮರಳುವ ವಿಚಾರ ಬಿಟ್ಟಿದ್ದೇನೆಂದು ಪ್ರಮಾಣಪತ್ರ ಕೊಟ್ಟರೆ ಅವನೂ ಮುಲ್ಕಿ. ನೌಕರಿಗಳೆಲ್ಲ ಪರನಾಡಿನವರ ಪಾಲಾಗುತ್ತಿವೆ ಎಂಬ ಸ್ಥಳೀಯರ ಸಿಟ್ಟು ಈ ನಿಯಮದ ಹಿಂದಿತ್ತು. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೂ ಆ ಸಿಟ್ಟು ಆರಲಿಲ್ಲ. 1952ರಲ್ಲಿ ವಿದ್ಯಾರ್ಥಿಗಳ ಮುಲ್ಕಿ ಚಳವಳಿಯಾಗಿ ಅದು ಬೀದಿಗಿಳಿಯಿತು.

ಸ್ವತಂತ್ರ ಭಾರತ ಮೊದಲು ಹಿಡಿದದ್ದು ನೆಲದ ಲೆಕ್ಕವನ್ನು. 1955ರ ಪೌರತ್ವ ಕಾಯಿದೆಯಂತೆ, ಕೆಲವೇ ಅಪವಾದಗಳನ್ನು ಬಿಟ್ಟರೆ, 1950ರ ಜನವರಿ 26ರ ನಂತರ ಇಲ್ಲಿ ಹುಟ್ಟಿದವರೆಲ್ಲ ಪ್ರಜೆಗಳು. ಅಸ್ಸಾಮಿನಲ್ಲಿ ವಲಸೆಯ ವಿರುದ್ಧ ಚಳವಳಿ ನಡೆದು 1985ರಲ್ಲಿ ಒಪ್ಪಂದವಾದ ಬಳಿಕ ಗಾಳಿ ಬದಲಾಯಿತು. 1987ರ ಜುಲೈ 1ರಿಂದ ತಂದೆತಾಯಿಗಳಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕೆಂದಾಯಿತು. 2004ರ ಡಿಸೆಂಬರ್ 3ರಿಂದ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಮೆರಿಕದಲ್ಲಿ ಈಚೆಗೆ ಎದ್ದ ವಾದ ನಮ್ಮಲ್ಲಿ ಎಂದೋ ಕಾನೂನಾಗಿ ಮುಗಿದಿದೆ.

ಇದರ ಫಲ ನೋಡಲು ದೂರ ಹೋಗಬೇಕಿಲ್ಲ. ಸುರಪುರದಿಂದ ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ, ಲಿಂಗಸುಗೂರು ಹಾದು ಹೋದರೆ ಸಿಂಧನೂರು. ಆ ತಾಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಹಿಂದೂ ನಿರಾಶ್ರಿತರು ಅರ್ಧ ಶತಮಾನದಿಂದ ಬಾಳುತ್ತಿದ್ದಾರೆ. ಅಲ್ಲಿನ ಒಂದು ಮನೆಯಲ್ಲಿ ಅಣ್ಣ 1986ರಲ್ಲಿ, ತಮ್ಮ 1988ರಲ್ಲಿ ಹುಟ್ಟಿದರೆಂದು ಇಟ್ಟುಕೊಳ್ಳಿ. ಅಪ್ಪ ಅವ್ವ ಇಬ್ಬರಿಗೂ ಪೌರತ್ವ ದೊರೆತಿರಲಿಲ್ಲವಾದರೆ, ಕಾನೂನಿನ ದೃಷ್ಟಿಯಲ್ಲಿ ಅಣ್ಣ ಹುಟ್ಟಿನಿಂದಲೇ ಭಾರತೀಯ, ತಮ್ಮ ಅಲ್ಲ. ಒಂದೇ ತೊಟ್ಟಿಲು, ಒಂದೇ ಗದ್ದೆ, ಒಂದೇ ಶಾಲೆ. ಬೇರೆಯದು ತಾರೀಖು ಮಾತ್ರ. 2019ರ ತಿದ್ದುಪಡಿ ಮೂರು ನೆರೆದೇಶಗಳಿಂದ ಬಂದ, ಮುಸ್ಲಿಮರನ್ನು ಬಿಟ್ಟು ಆರು ಧರ್ಮದವರಿಗೆ ದಾರಿ ತೆರೆಯಿತು. ಅದರಂತೆ 2024ರಲ್ಲಿ ಈ ಕ್ಯಾಂಪಿನವರಲ್ಲಿ ಕೆಲವರ ಕೈಗೆ ಪೌರತ್ವದ ಪತ್ರ ಬಂತು. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಮಿತಿ ಬೇಕೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಗಡಿ ಎಂಬುದಕ್ಕೆ ಅರ್ಥವಿರಬೇಕು, ಇರುವ ನೌಕರಿ, ನೆಲ, ನೀರು ಮೊದಲು ಇಲ್ಲಿನವರಿಗೆ ಸಿಗಬೇಕು ಎಂಬ ಆಸೆ ಸಹಜ. ನಮ್ಮ ಭಾಗವೂ ಅದನ್ನೇ ಕೇಳಿ 371ಜೆ ಕಲಮನ್ನು ಪಡೆಯಿತು. ಆದರೆ ಆ ಕಲಮಿನ ಮಾತನ್ನು ಗಮನಿಸಬೇಕು. ಈ ಪ್ರದೇಶಕ್ಕೆ 'ಹುಟ್ಟಿನಿಂದ ಅಥವಾ ವಾಸದಿಂದ' ಸೇರಿದವರು ಎಂದು ಅದು ಎರಡು ಬಾಗಿಲುಗಳನ್ನು ಇಟ್ಟಿದೆ. ಯಾದಗಿರಿ ಕಡೆಯಿಂದ ಬೆಂಗಳೂರು, ಮುಂಬಯಿಗಳಿಗೆ ದುಡಿಯಲು ಗುಳೆ ಹೋದವರಿಗೆ ಕಟ್ಟಡದ ಬದಿಯ ತಗಡಿನ ಶೆಡ್ಡಿನಲ್ಲಿ ಮಗು ಹುಟ್ಟುವುದುಂಟು. ಹುಟ್ಟಿದ ಜಾಗವೊಂದೇ ಅಳತೆಗೋಲಾಗಿದ್ದರೆ ಆ ಕೂಸು ತನ್ನ ಊರಿಗೇ ಹೊರಗಿನದಾಗುತ್ತಿತ್ತು. ಹೆತ್ತವರ ಕಾಗದವೊಂದೇ ಅಳತೆಗೋಲಾದಾಗ ಸಿಂಧನೂರಿನ ತಮ್ಮ ಹುಟ್ಟಿದ ಊರಿನಲ್ಲೇ ಪರದೇಶಿಯಾದ.

ನೆಲವಾಗಲಿ ರಕ್ತವಾಗಲಿ, ಒಂದೇ ಗೋಲಿನಿಂದ ಅಳೆದರೆ ಯಾವುದಾದರೂ ಮಗು ಹೊರಗುಳಿದೇ ಉಳಿಯುತ್ತದೆ. ಹೊರಗಿನವನಿಗೆ ಹದಿನೈದು ವರ್ಷದ ಬಾಗಿಲನ್ನು ನಿಜಾಮರ ನಿಯಮವೂ ತೆರೆದಿಟ್ಟಿತ್ತು. ಗಡಿ ದಾಟಿದ್ದು ಹಿರಿಯರು. ಇಲ್ಲಿಯೇ ಹುಟ್ಟಿ ಬೆಳೆದ ಮಗುವಿಗೆ ಅಂಥ ಒಂದು ಬಾಗಿಲೂ ಇಲ್ಲದಂತೆ ಮಾಡುವುದು ಹಿರಿಯರ ಸಾಲವನ್ನು ತೊಟ್ಟಿಲಿನ ತಲೆಗೆ ಕಟ್ಟಿದಂತೆ.