ಅನ್ಯಜೀವಿಯಲ್ಲಿ ಹುಟ್ಟುವ ಇನ್ಸುಲಿನ್

ಮಧುಮೇಹಕ್ಕೆ ವೈದ್ಯರು ಇನ್ಸುಲಿನ್ ಸೂಚಿಸಿದಾಗ, ಅದು ಪ್ರಾಣಿಯ ಅಂಗದಿಂದ ತೆಗೆದ ಔಷಧವೆಂದು ಶಂಕಿಸಿ ಹಿಂಜರಿಯುವವರುಂಟು. ಈ ಶಂಕೆ ನಿರಾಧಾರವೇನಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದ ಮೇಲೆ ಸುಮಾರು ಆರು ದಶಕಗಳ ಕಾಲ ದನ ಹಾಗೂ ಹಂದಿಗಳ ಮೇದೋಜೀರಕ ಗ್ರಂಥಿಯೇ ಅದರ ಮೂಲವಾಗಿತ್ತು. ಇಂದು ‘ಹ್ಯೂಮನ್ ಇನ್ಸುಲಿನ್’ ಎಂದು ದೊರೆಯುವುದಾದರೋ ಸೂಕ್ಷ್ಮಜೀವಿಗಳ ಕೋಶದಲ್ಲಿ ತಯಾರಾದುದು.

ಮನುಷ್ಯನ ಇನ್ಸುಲಿನ್ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದು ಇನ್ಸುಲಿನ್ ತಯಾರಿಸುತ್ತದೆ ಎಂಬುದು ಕೇಳಲು ಸುಲಭ. ಕಾರ್ಯದಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದಾಗಿ, 51 ಅಮೈನೋ ಆಮ್ಲಗಳ ಈ ಪುಟ್ಟ ಪ್ರೋಟೀನನ್ನು ಬ್ಯಾಕ್ಟೀರಿಯಾದ ಕಿಣ್ವಗಳು ಕತ್ತರಿಸಿಹಾಕುತ್ತವೆ. 1978ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಇನ್ಸುಲಿನ್ನಿನ ಎರಡು ಎಳೆಗಳನ್ನು ಬೇರೆಬೇರೆಯಾಗಿ, ಬ್ಯಾಕ್ಟೀರಿಯಾದ್ದೇ ಆದ ದೊಡ್ಡ ಪ್ರೋಟೀನೊಂದಕ್ಕೆ ಜೋಡಿಸಿ ಬೆಳೆಸಿದರು. ಆ ಆಸರೆಯಲ್ಲಿ ಎಳೆಗಳು ಉಳಿದವು. ಬಳಿಕ ಅವನ್ನು ಬಿಡಿಸಿ ಒಂದುಗೂಡಿಸಿದರು. ಈ ಬಗೆಯ ಇನ್ಸುಲಿನ್ನಿಗೆ 1982ರಲ್ಲಿ ಅಮೆರಿಕ ಅನುಮತಿ ನೀಡಿತು.

ಎರಡನೆಯದು ಆಕಾರದ ತೊಡಕು. ಇನ್ಸುಲಿನ್ನಿನ ಮಡಿಕೆಗಳನ್ನು ಗಂಧಕದ ಮೂರು ಬೆಸುಗೆಗಳು ಹಿಡಿದಿಡುತ್ತವೆ. ಬ್ಯಾಕ್ಟೀರಿಯಾದೊಳಗೆ ಈ ಬೆಸುಗೆಗಳು ಸರಿಯಾಗಿ ಕೂಡದೆ ಪ್ರೋಟೀನು ಗಂಟುಗಟ್ಟುತ್ತದೆ. ಅದನ್ನು ಕರಗಿಸಿ ಮತ್ತೆ ಮಡಿಸಬೇಕಾಗುತ್ತದೆ.

ಮೂರನೆಯದಾಗಿ, ಅನ್ಯ ವಂಶವಾಹಿಯನ್ನು ಹೊರುವುದು ಕೋಶಕ್ಕೆ ಭಾರ. ಕೋಶ ವಿಭಜನೆಯಲ್ಲಿ ಅದನ್ನು ಕಳೆದುಕೊಂಡವು ವೇಗವಾಗಿ ಬೆಳೆದು ತೊಟ್ಟಿಯನ್ನೆಲ್ಲ ತುಂಬಬಲ್ಲವು. ಆದುದರಿಂದ ವಂಶವಾಹಿಯನ್ನು ಉಳಿಸಿಕೊಂಡ ಕೋಶಗಳು ಮಾತ್ರ ಬದುಕುವಂತೆ ಏರ್ಪಡಿಸುತ್ತಾರೆ, ಇಲ್ಲವೇ ಅದನ್ನು ಕೋಶದ ವರ್ಣತಂತುವಿನಲ್ಲಿಯೇ ನೆಲೆಗೊಳಿಸುತ್ತಾರೆ. ಯೀಸ್ಟ್ ಕೋಶವಾದರೆ ಪ್ರೋಟೀನನ್ನು ಮಡಿಸಿ ಹೊರಕ್ಕೂ ಬಿಡುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಪಿಚಿಯಾ ಎಂಬ ಯೀಸ್ಟಿನಲ್ಲಿ ತಯಾರಾದುದು.

ಇಷ್ಟು ಶ್ರಮದಿಂದ ಉಳಿಸಿಕೊಂಡ ಆಕಾರವು ನಮ್ಮ ಮನೆಯಲ್ಲಿಯೂ ಕೆಡಬಲ್ಲದು. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇಡಬೇಕು. ಮಂಜುಗಡ್ಡೆಯಾಗುವ ಫ್ರೀಜರಿನಲ್ಲಿ ಇಡಲಾಗದು. ಒಮ್ಮೆ ಹೆಪ್ಪುಗಟ್ಟಿದುದನ್ನು ಕರಗಿದ ಮೇಲೂ ಬಳಸಕೂಡದು. ಬಿಸಿಲು ಬೀಳುವ ಕಿಟಕಿ, ನಿಲ್ಲಿಸಿದ ಕಾರು, ಒಲೆಯ ಸಮೀಪ ಇವೂ ಸಲ್ಲವು. ತೆರೆದ ಸೀಸೆಯನ್ನು ಎಷ್ಟು ದಿನ ಬಳಸಬಹುದೆಂಬುದು ಅದರೊಡನೆ ಬರುವ ಸೂಚನೆಯಲ್ಲಿರುತ್ತದೆ. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆದಿಡೋಣ. ಕೆಟ್ಟ ಇನ್ಸುಲಿನ್ ನೋಡಲು ಚೆನ್ನಾಗಿಯೇ ಇರಬಹುದು, ರಕ್ತದ ಸಕ್ಕರೆ ಮಾತ್ರ ಇಳಿಯದು. ಹಾಗಾದಾಗ ನಾವಾಗಿಯೇ ಪ್ರಮಾಣ ಹೆಚ್ಚಿಸದೆ, ಚುಚ್ಚುಮದ್ದನ್ನು ನಿಲ್ಲಿಸದೆ, ವೈದ್ಯರನ್ನು ಕಾಣುವುದೇ ಕ್ಷೇಮಕರ.