ಬೇಬ್ ರೂತ್ ಬೀಸಿದ ಭಾರದ ಬ್ಯಾಟು

1923ರ ಏಪ್ರಿಲ್ 18ರಂದು ನ್ಯೂಯಾರ್ಕಿನ ಹೊಚ್ಚಹೊಸ ಯಾಂಕೀ ಸ್ಟೇಡಿಯಂನಲ್ಲಿ ಮೊದಲ ಬೇಸ್‌ಬಾಲ್ ಪಂದ್ಯ ನಡೆಯಿತು. ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧ ಮೂರನೇ ಇನಿಂಗ್ಸಿನಲ್ಲಿ ಯಾಂಕೀಸ್ ತಂಡದ ಬೇಬ್ ರೂತ್ ಬೀಸಿದ ಏಟಿಗೆ ಚೆಂಡು ಪ್ರೇಕ್ಷಕರ ನಡುವೆ ಹೋಗಿ ಬಿತ್ತು. ಆ ಮೈದಾನದ ಮೊದಲ ಹೋಮ್ ರನ್ ಅದು. ಆ ಬ್ಯಾಟಿಗೆ ಸಹಿ ಹಾಕಿ, ಲಾಸ್ ಏಂಜಲೀಸಿನ ಪತ್ರಿಕೆಯೊಂದು ನಡೆಸಿದ ಹೋಮ್ ರನ್ ಸ್ಪರ್ಧೆಯಲ್ಲಿ ಗೆದ್ದ ಶಾಲಾ ಹುಡುಗನಿಗೆ ರೂತ್ ಬಹುಮಾನವಾಗಿ ಕೊಟ್ಟ. 2004ರಲ್ಲಿ ಸಾತ್‌ಬೀಸ್ ಹರಾಜಿನಲ್ಲಿ ಅದು 12,65,000 ಡಾಲರಿಗೆ ಹೋಯಿತು.

ಬೆಲೆ ಹಾಗಿರಲಿ, ತೂಕ ನೋಡಿ: ಸುಮಾರು 45 ಔನ್ಸ್, ಎಂದರೆ ಒಂದೂಕಾಲು ಕಿಲೋಗಿಂತ ತುಸು ಹೆಚ್ಚು. ಇಂದಿನ ವೃತ್ತಿಪರರು ಹೆಚ್ಚಾಗಿ ಹಿಡಿಯುವುದು 31ರಿಂದ 33 ಔನ್ಸಿನದು. ಅದು ಒಂದು ಕಿಲೋ ಕೂಡ ತೂಗುವುದಿಲ್ಲ. ಹಾಗಾದರೆ ರೂತ್‌ನ ಗುಟ್ಟು ಭಾರದಲ್ಲಿತ್ತೇ?

ಪೂರ್ತಿ ಅಲ್ಲ. ಬ್ಯಾಟಿನ ವೇಗ ಅಷ್ಟೇ ಇದ್ದರೆ, ಭಾರ ಹೆಚ್ಚಿದಷ್ಟೂ ಚೆಂಡು ಜೋರಾಗಿ ಚಿಮ್ಮುತ್ತದೆ, ನಿಜ. ಆದರೆ ಭಾರದ ಬ್ಯಾಟನ್ನು ಅಷ್ಟೇ ವೇಗವಾಗಿ ಬೀಸಲು ತೋಳುಗಳು ಒಪ್ಪಬೇಕಲ್ಲ! ಮರದ ಬ್ಯಾಟಿನ ಸರಿಯಾದ ಜಾಗಕ್ಕೆ ಚೆಂಡು ತಗುಲಿದಾಗ, ಎಸೆತದ ವೇಗದ ಸುಮಾರು ಐದನೆಯ ಒಂದು ಪಾಲು ಮಾತ್ರ ಮರಳಿ ಸಿಗುತ್ತದೆ. ಬ್ಯಾಟಿನ ವೇಗವಾದರೋ ಪೂರ್ತಿಯಾಗಿ, ಮೇಲೆ ಇನ್ನೊಂದು ಐದನೆಯ ಪಾಲು ಸೇರಿ ಸಿಗುತ್ತದೆ. ಗಂಟೆಗೆ 145 ಕಿ.ಮೀ. ವೇಗದ ಎಸೆತಕ್ಕೆ 113 ಕಿ.ಮೀ. ವೇಗದಲ್ಲಿ ಬ್ಯಾಟು ಬೀಸಿದರೆ ಚೆಂಡು ಸುಮಾರು 165 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಎಂದರೆ ಎಸೆಯುವವನ ಒಂದು ಕಿ.ಮೀ.ಗಿಂತ ಹೊಡೆಯುವವನ ಒಂದು ಕಿ.ಮೀ.ಗೆ ಆರು ಪಟ್ಟು ಬೆಲೆ.

ಇನ್ನೂ ಸೋಜಿಗದ ಸಂಗತಿ ಎಂದರೆ, ಚೆಂಡು ಬ್ಯಾಟಿಗೆ ಅಂಟಿಕೊಂಡಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಮಾತ್ರ. ಏಟಿನ ಕಂಪನ ಹಿಡಿಯವರೆಗೆ ಹೋಗಿ ವಾಪಸ್ಸಾಗುವಷ್ಟರಲ್ಲಿ ಚೆಂಡು ಹಾರಿಹೋಗಿರುತ್ತದೆ. ಆ ಕ್ಷಣದಲ್ಲಿ ಬ್ಯಾಟನ್ನು ಬಿಗಿಯಾಗಿ ಹಿಡಿದರೂ ಅಷ್ಟೇ, ಸಡಿಲ ಬಿಟ್ಟರೂ ಅಷ್ಟೇ. ರೂತ್‌ನ ತೋಳಿನ ಕೆಲಸ ಅದಕ್ಕೆ ಮೊದಲೇ ಮುಗಿದಿರುತ್ತಿತ್ತು.

ಹಳೆಯ ಬ್ಯಾಟನ್ನು ಪರೀಕ್ಷಿಸುವವರು ಮೊದಲು ಹುಡುಕುವುದು ಈ ಏಟುಗಳ ಗುರುತನ್ನು: ಚೆಂಡಿನ ಹೊಲಿಗೆ ಮರದಲ್ಲಿ ಒತ್ತಿದ ಅಚ್ಚು, ಪದರ ಬಿಟ್ಟ ಎಳೆ, ಹಿಡಿಯ ಬಳಿಯ ಬಿರುಕು. ಎಲ್ಲಿ ಹುಡುಕಬೇಕೆಂಬುದನ್ನು ಮರವೇ ಹೇಳುತ್ತದೆ. ಇಂಥ ಬ್ಯಾಟುಗಳನ್ನು ಹೆಚ್ಚಾಗಿ ಮಾಡುತ್ತಿದ್ದ ಆ್ಯಶ್ ಮರದ ಬೆಳವಣಿಗೆಯ ಉಂಗುರಗಳ ನಡುವೆ ರಂಧ್ರಗಳಿರುವ ಮೆತ್ತನೆಯ ಪದರವಿದೆ. ಉಂಗುರಗಳ ಚಪ್ಪಟೆ ಮೈಗೆ ಪೆಟ್ಟು ಬಿದ್ದರೆ ಅದು ಸಿಪ್ಪೆಯಂತೆ ಎದ್ದುಬರುತ್ತದೆ. ಅದಕ್ಕೇ ತಯಾರಕರು ಆ ಮೈಯಲ್ಲೇ ತಮ್ಮ ಮುದ್ರೆ ಒತ್ತುತ್ತಿದ್ದರು. ಮುದ್ರೆಯಿಂದ ಕಾಲು ಸುತ್ತು ಆಚೆ ಚೆಂಡು ಬಡಿಯಬೇಕು. ಏಟಿನ ಗುರುತೆಲ್ಲ ಮುದ್ರೆಯ ಮೇಲೇ ಇದ್ದರೆ ಅನುಮಾನಪಡುವುದು ಒಳ್ಳೆಯದು.

ವಯಸ್ಸಾದಂತೆ ರೂತ್ ತಾನೂ ಹಗುರ ಬ್ಯಾಟುಗಳತ್ತ ವಾಲಿದ. 60 ಹೋಮ್ ರನ್ ಬಾರಿಸಿದ 1927ರಲ್ಲಿ ತನ್ನ ಒಂದು ಬ್ಯಾಟಿನಿಂದ ಹೊಡೆದ ಒಂದೊಂದು ಹೋಮ್ ರನ್ನಿಗೂ ಅದರ ಮೇಲೆ ಒಂದೊಂದು ಗೀರು ಕೆತ್ತಿದ. ಆ ಬ್ಯಾಟು ಕೆಂಟಕಿಯ ಲೂಯಿವಿಲ್ ಸ್ಲಗ್ಗರ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ 21 ಗೀರುಗಳಿವೆ. ಅವೆಲ್ಲ ಮುದ್ರೆಯ ಸುತ್ತಲೇ, ಚೆಂಡು ತಾಕದ ಜಾಗದಲ್ಲೇ ಇವೆ.