ಸೌದೆಯಿಂದ ಎಂಜಿನ್ ಓಡುವುದು ಹೇಗೆ?

ಸುಂಕದಕಟ್ಟೆಯ ಹಳಬರಿಗೆ ಭಾರತೀಯ ವಿಜ್ಞಾನ ಸಂಸ್ಥೆ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೇ. ಅಲ್ಲಿ ದಹನ, ಅನಿಲೀಕರಣ ಮತ್ತು ನೋದನದ ಪ್ರಯೋಗಾಲಯ ಒಂದಿದೆ. ನೋದನ ಅಂದರೆ ರಾಕೆಟ್, ಜೆಟ್‌ಗಳನ್ನು ಮುಂದಕ್ಕೆ ತಳ್ಳುವ ವಿದ್ಯೆ. ರಾಕೆಟ್ ಬಲ್ಲವರಿಗೆ ಸೌದೆಯ ಉಸಾಬರಿ ಯಾಕೆ ಅಂತೀರಾ? ಎರಡೂ ಕಡೆ ಲೆಕ್ಕ ಒಂದೇ: ಇಂಧನಕ್ಕೆ ಆಮ್ಲಜನಕ ಎಷ್ಟು ಸಿಗುತ್ತದೆ, ಎಷ್ಟು ಹೊತ್ತು ಸಿಗುತ್ತದೆ. ಘನ ಇಂಧನದ ರಾಕೆಟ್ ತನ್ನ ಆಮ್ಲಜನಕವನ್ನು ಅಮೋನಿಯಂ ಪರ್ಕ್ಲೋರೇಟ್ ಎಂಬ ಲವಣದಲ್ಲಿ ಕಟ್ಟಿಕೊಂಡೇ ಹೋಗುತ್ತದೆ. ಸೌದೆಗೆ ಸುತ್ತಲಿನ ಗಾಳಿಯೇ ಗತಿ.

ಈ ಲೆಕ್ಕ ಹಿಡಿದು ಪ್ರೊ. ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ರೂಪಿಸಿದ್ದು ಗ್ಯಾಸಿಫೈಯರ್, ಅಂದರೆ ಕಟ್ಟಿಗೆಯನ್ನು ಉರಿಯುವ ಅನಿಲವಾಗಿಸುವ ಯಂತ್ರ. ಒಂದು ಕೆಜಿ ಒಣ ಕಟ್ಟಿಗೆ ಪೂರ್ತಿ ಉರಿಯಲು ಸುಮಾರು 6 ಕೆಜಿ ಗಾಳಿ ಬೇಕು. ಇಲ್ಲಿ ಬೇಕೆಂದೇ ಅದರ ಕಾಲುಭಾಗ ಮಾತ್ರ ಕೊಡುತ್ತಾರೆ. ಅರೆಬೆಂದ ಕಟ್ಟಿಗೆ ಪ್ರೊಡ್ಯೂಸರ್ ಗ್ಯಾಸ್ ಬಿಡುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ತಲಾ ಐದನೇ ಒಂದು ಪಾಲಿನಷ್ಟಿದ್ದು, ಮೀಥೇನ್ ತುಸು ಇರುತ್ತದೆ. ಉಳಿದದ್ದು ಹೆಚ್ಚಾಗಿ ಉರಿಯದ ಸಾರಜನಕ.

ಅನಿಲ ಮಾಡುವುದು ಕಷ್ಟವಲ್ಲ, ಟಾರ್ ಕಷ್ಟ. ಹೊಗೆಯಲ್ಲಿ ಬರುವ ಈ ಅಂಟು ಎಂಜಿನ್ನಿನ ವಾಲ್ವುಗಳನ್ನೇ ಹಿಡಿದು ನಿಲ್ಲಿಸುತ್ತದೆ. ಸಂಸ್ಥೆಯ ವಿನ್ಯಾಸದಲ್ಲಿ ಉದ್ದನೆಯ ಕೊಳವೆಯ ಬಾಯಿ ಮೇಲೆ ತೆರೆದೇ ಇರುತ್ತದೆ. ಗಾಳಿ ಮೇಲಿನಿಂದಲೂ ಬರುತ್ತದೆ, ಪಕ್ಕದ ನಳಿಕೆಗಳಿಂದಲೂ ಬರುತ್ತದೆ. ಹೊಗೆ ಕೆಳಕ್ಕೆ ಎಳೆಸಿಕೊಂಡು, ನಿಗಿನಿಗಿ ಇದ್ದಿಲಿನ ದಪ್ಪ ಪದರವನ್ನು ಹಾದುಹೋಗಬೇಕು. ಆ ಕಾವಿಗೆ ಟಾರ್ ಬಹುಪಾಲು ಒಡೆದುಹೋಗುತ್ತದೆ. ಮುಂದೆ ಅನಿಲವನ್ನು ತಣಿಸಿ, ತೊಳೆದು, ಸೋಸಿ ಎಂಜಿನ್ನಿಗೆ ಬಿಡುತ್ತಾರೆ.

ಹಸಿ ಸೌದೆ ನಡೆಯುತ್ತದೆಯೇ? ಇಲ್ಲ. ಸಣ್ಣ ತುಂಡು ಮಾಡಿ ಚೆನ್ನಾಗಿ ಒಣಗಿಸಿರಬೇಕು. ಎರಡು ತುಂಡು ತಟ್ಟಿ ನೋಡಿ: ಒಣಗಿದ್ದರೆ ಟಣ್ಣೆನ್ನುತ್ತದೆ, ಹಸಿಯಾಗಿದ್ದರೆ ದಬ್ಬೆನ್ನುತ್ತದೆ.

ಇದು ಬರೀ ಪ್ರಯೋಗಾಲಯದ ಮಾತಲ್ಲ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಿಂದ ಇಂಥ ಅನಿಲ ಬೆರೆಸಿದ ಡೀಸೆಲ್ ಎಂಜಿನ್ ದೀಪಕ್ಕೆ ಕರೆಂಟು ಕೊಟ್ಟಿತು. ಮುಂದೆ ಅದೇ ಕುಡಿಯುವ ನೀರನ್ನು ಎತ್ತಿತು, ಹಿಟ್ಟನ್ನೂ ಬೀಸಿತು. ಸಂಸ್ಥೆಯಲ್ಲೇ ಪ್ರೊ. ಎಸ್. ದಾಸಪ್ಪ ಅವರ ತಂಡ ಗಾಳಿಯ ಬದಲು ಆಮ್ಲಜನಕ ಮತ್ತು ನೀರಿನ ಹಬೆ ಕೊಟ್ಟು, ಒಂದು ಕೆಜಿ ಜೀವರಾಶಿಯಿಂದ, ಅಂದರೆ ಕಟ್ಟಿಗೆಯಂಥ ಸಸ್ಯವಸ್ತುವಿನಿಂದ, 100 ಗ್ರಾಂ ಹೈಡ್ರೋಜನ್ ತೆಗೆದದ್ದನ್ನು 2022ರಲ್ಲಿ ಪ್ರಕಟಿಸಿತು. ಜೀವರಾಶಿಯಲ್ಲಿ ಇರುವುದೇ 60 ಗ್ರಾಂ, ಮಿಕ್ಕದ್ದು ಹಬೆಯದು.

ಖರ್ಚು? ಒಂದು ಯೂನಿಟ್ ವಿದ್ಯುತ್ತಿಗೆ ಒಂದರಿಂದ ಒಂದೂವರೆ ಕೆಜಿ ಕಟ್ಟಿಗೆ ಹಿಡಿಯಿರಿ. ಕೆಜಿಗೆ 5 ರೂಪಾಯಿ ಅಂದುಕೊಂಡರೆ ಸೌದೆಗೇ 5ರಿಂದ 7.50 ರೂಪಾಯಿ ಆಯಿತು. ಆಳಿನ ಕೂಲಿ, ಫಿಲ್ಟರಿನ ನಿರ್ವಹಣೆ ಬೇರೆ. ಬೆಸ್ಕಾಂ ಕರೆಂಟು ಬಾಗಿಲಲ್ಲೇ ಇರುವ ನಮಗೆ ಇದು ಲಾಭವೆಂದು ನನಗನ್ನಿಸುವುದಿಲ್ಲ. ಡೀಸೆಲ್ ಸುಟ್ಟು ಕುಲುಮೆ ನಡೆಸುವ ಪೀಣ್ಯದ ಕಾರ್ಖಾನೆಯವರು ಮಾತ್ರ ಲೆಕ್ಕ ಹಾಕಿ ನೋಡಬಹುದು. ಮನೆಯೊಳಗಂತೂ ಬೇಡವೇ ಬೇಡ: ಕಾರ್ಬನ್ ಮಾನಾಕ್ಸೈಡ್ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ.

ಸಂಸ್ಥೆ ಯಂತ್ರವನ್ನು ಅಂಗಡಿಯಂತೆ ಮಾರುವುದಿಲ್ಲ. ತಂತ್ರಜ್ಞಾನವನ್ನು ತಯಾರಕರಿಗೆ ಕೊಡುತ್ತದೆ. ಕುತೂಹಲಕ್ಕೆ ನೋಡುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್ ಹೊತ್ತಿಗೆ ನಡೆಯುವ ಓಪನ್ ಡೇಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ಪ್ರವೇಶ ಉಚಿತ. ಕೊಳ್ಳುವ ಯೋಚನೆಯಿರುವವರು ದಿನಕ್ಕೆಷ್ಟು ಡೀಸೆಲ್ ಸುಡುತ್ತೀರಿ, ಯಾವ ಕಟ್ಟಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಬರೆದುಕೊಂಡು ತಯಾರಕರ ಬಳಿ ಹೋಗಿ.